ಬೀಜ ಬೇಡುವ ಮೇಡಂ

ಕುಲಗೋಡದಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಯಾರಾದರೂ ನೇರಳೆ ಹಣ್ಣು ತಿನ್ನುತ್ತಿದ್ದರೆ, ಅವರ ಬಾಯಿಯ ಮುಂದೆ ಒಂದು ಕಾಗದದ ಪೊಟ್ಟಣ ಬಂದು ನಿಲ್ಲುತ್ತಿತ್ತು.

"ಬೀಜ ಒಗೀಬ್ಯಾಡ್ರಿ, ಇದರಾಗ ಹಾಕ್ರಿ."

ಪೊಟ್ಟಣ ಹಿಡಿದವರು ಕಾಲೇಜಿನ ರಸಾಯನಶಾಸ್ತ್ರದ ಮೇಡಂ, ನಮ್ಮ ಓಣಿಯವರೇ.

"ಅಕ್ಕಾರ, ನಿಮಗ ಹಣ್ಣ ಯಾರೂ ಕೊಡಂಗಿಲ್ಲೇನ್ರಿ?" ಎಂದು ಕಂಡಕ್ಟರ್ ಕಾಡುತ್ತಿದ್ದ.

"ಹಣ್ಣಿನ ರುಚಿ ಗೊತ್ತೈತೆಪಾ. ಬೀಜದಾಗ ಏನೇನೈತಿ, ಇನ್ನಾ ಗೊತ್ತಿಲ್ಲ."

ಈ "ಇನ್ನಾ ಗೊತ್ತಿಲ್ಲ" ಎನ್ನುವಾಗ ಅವರ ಮುಖ ಊಟಕ್ಕೆ ಕರೆ ಬಂದವರಂತೆ ಅರಳುತ್ತಿತ್ತು. ನನಗಾದರೋ ಗೊತ್ತಿಲ್ಲದ್ದೆಲ್ಲ ರೋಗವೇ. ಸಕ್ಕರೆ ಕಾಯಿಲೆ ಬಂದ ಮೇಲಂತೂ ಕಾಲು ಜುಮ್ಮೆಂದರೆ ಸಾಕು, ಮನೆಯವರಿಗೆ ಕೊನೆಯ ಮಾತುಗಳನ್ನು ಹೇಳಲು ಶುರುಮಾಡುತ್ತಿದ್ದೆ.

ನೇರಳೆ ಬೀಜ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದು ಕೇಳಿ, ಒಂದು ಬೆಳಿಗ್ಗೆ ಅವರ ಪ್ರಯೋಗಾಲಯಕ್ಕೆ ಹೋದೆ. ಗಾಜಿನ ನಳಿಗೆಯಲ್ಲಿ ಬದನೆಕಾಯಿ ಬಣ್ಣದ ದ್ರಾವಣವಿತ್ತು. ಅದಕ್ಕೆ ನೇರಳೆ ಬೀಜದ ಸಾರ ಒಂದಿಷ್ಟು ಹನಿಸಿದರು. ನೋಡನೋಡುತ್ತ ಬಣ್ಣ ಹಳದಿಗೆ ತಿರುಗಿತು.

"ಜೀವಕೋಶ ಕೆಡಿಸೋ ಪುಂಡ ಕಣಗಳಂಥವು ಈ ಬಣ್ಣದಾಗ ಅದಾವ. ಬೀಜದಾಗಿನ ಒಗರು ಅವನ್ನ ಸುಮ್ಮನ ಕುಂಡ್ರಸೈತಿ ನೋಡ್ರಿ!"

"ಹಂಗಾದ್ರ ಇನ್ನ ಶುಗರಿನ ಗುಳಗಿ ಬಿಟ್ಟು ಇದನ್ನ ಕುಡೀತೇನ್ರಿ," ಎಂದೆ.

"ಇದು ನಳಗ್ಯಾಗ ಆಗಿದ್ದು, ಸರ. ನಿಮ್ಮ ಹೊಟ್ಯಾಗ ಏನಾಗತೈತಿ, ಇನ್ನಾ ಗೊತ್ತಿಲ್ಲ. ಇವತ್ತಿನ ಗುಳಗಿ ನುಂಗೀರಿಲ್ಲೋ?"

ಈ ಸಲ ಅವರ ಮುಖ ಅರಳಲಿಲ್ಲ. ಬೆಳಗಿನ ಗುಳಿಗೆ ಇನ್ನೂ ನನ್ನ ಕಿಸೆಯಲ್ಲೇ ಇತ್ತು.

ಅವರು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನೆದುರು ಹಿಡಿದರು. ನಾನು ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸುವವರೆಗೂ ಮುಂದಿನ ನಳಿಗೆಯನ್ನು ಮುಟ್ಟಲಿಲ್ಲ.