ಮೊಮ್ಮಗನ ಮುಡಿ

ಕೊಳ್ಳೇಗಾಲದ ಕೋರ್ಟಿನ ಎದುರು ಟೀ ಕುಡಿಯುತ್ತಿದ್ದ ವಕೀಲನಾದ ನನ್ನನ್ನು ಹುಡುಕಿಕೊಂಡು ಕುಂತೂರಿನ ಯಜಮಾನರೊಬ್ಬರು ಬಂದು ಕೂತರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕೋಪ.

"ಮೊಮ್ಮಗನ ಮುಡಿ ಮಾದಪ್ಪನ ಬೆಟ್ಟದಲ್ಲಿ ನಾನೇ ತೆಗಿಸ್ಬೇಕು ಸಾ. ನನ್ ಮಗನ ಜೊತೆ ಇರೋ ಅವರವ್ವ ಕೂಸ ಕೊಡಕಿಲ್ಲ ಅಂತವ್ಳೆ. ಒಂದು ನೋಟಿಸ್ ಬುಡಿ."

"ನಿಮ್ಮ ಮಗನಿಗೂ ಅವಳಿಗೂ ಮದುವೆ ಆಗಿದೆಯಾ?"

"ಎಲ್ಲಾದದು? ಜಾತಿ ಬ್ಯಾರೆ, ನಾನೇ ನಿಲ್ಲಿಸ್ದೆ. ಅವಳಣ್ಣ ಮದ್ವೆ ಮಾತಾಡಕ್ಕೆ ಬಂದ್ರೆ ಜಗಲಿ ಹತ್ತಕ್ಕೇ ಬುಡ್ನಿಲ್ಲ," ಎಂದರು, ಸನ್ಮಾನದ ಫೋಟೋ ತೋರಿಸುವವರ ಹಾಗೆ. ಮಗ ಮನೆ ಬಿಟ್ಟು, ತಾಳಿಯ ಗೊಡವೆಗೇ ಹೋಗದೆ ಅವಳ ಜೊತೆ ಸಂಸಾರ ಹೂಡಿದ್ದನಂತೆ.

ಮದುವೆಯಾಗದವರ ಮಗುವಿಗೆ ಕಾನೂನಿನಲ್ಲಿ ತಾಯಿಯೇ ಪಾಲಕಿ, ಅವಳ ನಂತರ ತಂದೆ, ತಾತ ಏನಿದ್ದರೂ ಕೋರ್ಟನ್ನು ಬೇಡಿಕೊಳ್ಳಬೇಕು ಎಂದೆ.

"ರಕ್ತ ನಮ್ದಲ್ವಾ ಸಾ?"

"ಹಾಗಾದರೆ ಜಾತಿ ಯಾರದ್ದು?"

ನೋಟಿಸಿಗೆಂದು ತಂದಿದ್ದ ಅವಳ ವಿಳಾಸ, ನಂಬರಿನ ಚೀಟಿಯನ್ನು ಯಜಮಾನರು ನನ್ನ ಮುಂದಿಟ್ಟರು. ನಾನು ನೋಟಿಸಿನ ಬದಲು ಆ ಹುಡುಗಿಗೆ ಫೋನ್ ಮಾಡಿದೆ. ಅವಳು ಜಗಳವಾಡಲಿಲ್ಲ.

"ಭಾನುವಾರ ನಾವೇ ಬೆಟ್ಟಕ್ಕೆ ಓಯ್ತಿದ್ದೀವಿ ಸಾ. ತಾತನೂ ಬರ್ಲಿ. ಆದ್ರೆ ಮುಡಿ ತೆಗಿವಾಗ ಕೂಸು ಕೂರೋದು ಸೋದರಮಾವನ ತೊಡೆ ಮೇಲೆ, ನಮ್ಮಣ್ಣನ ತೊಡೆ ಮೇಲೆ. ಅವರ ಮನೇಲೂ ಅಂಗೇ ಅಲ್ವಾ, ಕೇಳಿ."

ಯಜಮಾನರನ್ನು ಕೇಳಿದೆ, ಅವರ ಮನೆಯಲ್ಲೂ ಹಾಗೆಯೇ. ಪದ್ಧತಿ ಮುರಿಯಬಾರದೆಂದು ಮದುವೆಯನ್ನೇ ಮುರಿದವರು ಈಗ ಪದ್ಧತಿಗೆ ಎದುರಾಡುವುದು ಹೇಗೆ? ಯಜಮಾನರು ಮೆಲ್ಲಗೆ, "ಯಾವುದ್ರಲ್ಲಿ ಓಯ್ತಾರೆ, ಕೇಳಿ ಸಾ," ಎಂದರು.

ಕೇಳಿದೆ. ಅವಳ ಅಣ್ಣನ ಕಾರಿನಲ್ಲಂತೆ. ತಾತನನ್ನು ಹತ್ತಿಸಿಕೊಳ್ಳುವುದು ಬಿಡುವುದು ಅಣ್ಣನಿಗೆ ಬಿಟ್ಟದ್ದಂತೆ.

ಅದಕ್ಕೂ ಒಂದು ನೋಟಿಸ್ ಬಿಡಿ ಎಂದು ಅವರು ಕೇಳಲಿಲ್ಲ, ನನ್ನ ಪುಣ್ಯ.