ಶುಕ್ಲ ಬಿಲಾವಲದ ಅಂತರಾ

ಅಂಜನಾಳ ಅರ್ಜಿ ತುಂಬಿದವನು ಅವಳ ಅಪ್ಪ ಪರಸಪ್ಪ. ಬೀಳಗಿಯ ಭೂಸ್ವಾಧೀನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಮುಳುಗಡೆ ಜನರ ಸಾವಿರಾರು ಅರ್ಜಿಗಳನ್ನು ಕಂಡಿದ್ದ. ಒಂದು ಸಾಲು ಖಾಲಿ ಇದ್ದರೂ ಅರ್ಜಿ ತಿರುಗಿ ಬರುತ್ತದೆ ಎಂಬುದು ಅವನ ಅನುಭವ. ಧಾರವಾಡ ಆಕಾಶವಾಣಿಯ ಧ್ವನಿಪರೀಕ್ಷೆಗೆ ಮಗಳು ತನಗೆ ಬರುವ ಹದಿಮೂರು ರಾಗಗಳನ್ನು ಹೇಳಿ ಬರೆಸಿದಳು. ಕೆಳಗೆ ಇನ್ನೊಂದು ಸಾಲು ಉಳಿದಿತ್ತು. ಮಗಳು ಆಗಾಗ ಗುನುಗುವ ಶುಕ್ಲ ಬಿಲಾವಲವನ್ನು ಅಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು, ಅವಳಿಗೆ ಹೇಳದೆ ಅಂಚೆಗೆ ಹಾಕಿದ.

ಪರೀಕ್ಷೆಯ ಪತ್ರ ಬಂದ ದಿನ ಅರ್ಜಿಯ ಝೆರಾಕ್ಸ್ ತೆಗೆದು ನೋಡಿದ ಅಂಜನಾ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು.

"ಅಪ್ಪಾ, ಇದು ನನಗ ಅರ್ಧಾನ ಬರತೈತಿ."

"ಅರ್ಧಾ ಬರತೈತಿಲ್ಲ? ನಮ್ಮ ಆಫೀಸಿನ್ಯಾಗ ಏನೂ ಬರಲಾರದವರು ಅದಾರ."

ರೊಟ್ಟಿ ಬಡಿಯುತ್ತಿದ್ದ ತಾಯವ್ವ ಗಂಡನ ಕಡೆ ತಿರುಗಿದಳು. "ಖಾಲಿ ಜಾಗಾ ಕಂಡ್ರ ನಿಮ್ಮ ಕೈ ತುರಸತೈತಿ. ಈಗ ನೀವ ಹೋಗಿ ಹಾಡಿ ಬರ್ರಿ."

ರಾಗದಲ್ಲಿ ಕಟ್ಟಿದ ಹಾಡಾದ ಬಂದಿಶ್‌ನ ಮೊದಲರ್ಧ ಸ್ಥಾಯಿ. ಮೇಲಿನ ಷಡ್ಜಕ್ಕೆ ಏರುವ ಎರಡನೆಯ ಅರ್ಧ ಅಂತರಾ. ಗುರು ಶಿವಯೋಗೆಪ್ಪ ಈ ರಾಗದ ಸ್ಥಾಯಿ ಕಲಿಸಿ ಒಂಬತ್ತು ವರ್ಷವಾಗಿತ್ತು. ಅಂತರಾ ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು. ತನಗಿನ್ನೂ ಅದರ ಯೋಗ್ಯತೆ ಬಂದಿಲ್ಲ ಎಂದೇ ಅಂಜನಾ ತಿಳಿದಿದ್ದಳು. ಭಜನೆಯ ಹೊರತು ಬೇರೆ ಹಾಡು ಗೊತ್ತಿಲ್ಲದ ಮನೆಯಿಂದ ಬಂದ ಹುಡುಗಿಯನ್ನು ಹತ್ತು ವರ್ಷದವಳಿದ್ದಾಗ ಎದುರಿಗೆ ಕೂರಿಸಿಕೊಂಡು "ಸಾ" ಹೇಳಿಸಿದ್ದರು ಅವರು. ಆಣೆಕಟ್ಟಿನ ಹಿನ್ನೀರು ಊರೊಳಗೆ ಬಂದ ವರ್ಷ ಜನ ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರೆ, ಶಿವಯೋಗೆಪ್ಪ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ತಗಡಿನ ಮನೆಯಲ್ಲೂ ಭಾನುವಾರದ ಪಾಠ ತಪ್ಪಲಿಲ್ಲ.

ಅಂಜನಾಳಿಗೆ ಈಗ ಮೂವತ್ತೊಂದು. ರಬಕವಿಯಲ್ಲಿ ನೇಕಾರರ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದಳು. ಕಾರ್ಯಕ್ರಮಕ್ಕೆ ಕರೆಯುವವರು ಮೊದಲು ಕೇಳುವುದು "ರೇಡಿಯೋದಾಗ ಹಾಡೀರೇನ್ರಿ?" ಅಂತಲೇ. ಈ ಧ್ವನಿಪರೀಕ್ಷೆಯಲ್ಲಿ ಆಗಲೇ ಒಮ್ಮೆ ನಪಾಸಾಗಿದ್ದಳು. ಇನ್ನೊಮ್ಮೆ ನಪಾಸಾದರೆ ಈಗ ಬರುವ ಒಂದೆರಡು ಕರೆಗಳೂ ನಿಂತಾವು ಎಂಬ ಹೆದರಿಕೆ ಅವಳನ್ನು ಕಾಡುತ್ತಿತ್ತು.

ಮರುದಿನವೇ ಗುರುಗಳ ಮನೆಗೆ ಹೋದಳು. "ಇನ್ನರ ಅಂತರಾ ಕೊಡ್ರಿ ಗುರುಗಳ. ಪಟ್ಟಿಯೊಳಗ ಹೋಗೇತಿ."

ಶಿವಯೋಗೆಪ್ಪ ಹೆಂಡತಿ ರತ್ನಾಬಾಯಿಯನ್ನು ಚಹಾದ ನೆಪ ಹೇಳಿ ಒಳಗೆ ಕಳಿಸಿದರು. ಆಮೇಲೆ ಮೆಲ್ಲಗೆ ಅಂದರು: "ನನಗೂ ಬರೂದಿಲ್ಲ ಬೇ."

ಅಂಜನಾ ತಂದಿದ್ದ ಅರ್ಜಿಯ ಝೆರಾಕ್ಸನ್ನು ಮಡಚಿ ಇಟ್ಟಳು.

"ಸ್ಥಾಯಿ ಹೇಳಿಕೊಟ್ಟ ವಾರದಾಗ ನಮ್ಮ ಉಸ್ತಾದರು ತೀರಿಕೊಂಡ್ರು. ನೀ ಕೇಳಿದಾಗ, ಬರೂದಿಲ್ಲ ಅನ್ನಾಕ ನಾಚಿಕಿ ಆತು."

"ಒಂಬತ್ತ ವರ್ಷ ಆತಲ್ರೀ."

"ನೀ ಮರತೀದಿ ಅಂತ ಪ್ರತಿ ವರ್ಷ ಅನ್ಕೊಂಡೆ." ಅವರು ಬಾಗಿಲ ಕಡೆ ನೋಡಿದರು. "ಯಾರ ಮುಂದೂ ಹೇಳಬ್ಯಾಡವ್ವ. ಇದ್ದ ಊರು ಹೋತು. ಈ ಹೆಸರೊಂದು ಉಳದೈತಿ."

ಉಳಿದ ದಿನ ಅವಳಿಗೆ ಅನ್ನ ರುಚಿಸಲಿಲ್ಲ. ತಾನೇ ಒಂದು ಅಂತರಾ ಕಟ್ಟಲು ನೋಡಿದಳು. ಪ್ರತಿ ಸಾಲೂ ಕದ್ದ ಮಾಲಿನಂತೆ ಕೇಳಿಸಿತು. ಲೋಕಾಪುರ ದಾಟಿ ಬಸ್ಸು ಧಾರವಾಡದ ಕಡೆ ಓಡುವಾಗ ಅಪ್ಪ ಪಕ್ಕದಲ್ಲಿ ಕುಳಿತು, "ಹದಿನಾಲ್ಕರಾಗ ಅದನ್ನ ಯಾಕ ಕೇಳ್ತಾರ?" ಎಂದು ಎರಡು ಸಲ ಹೇಳಿದ. ಎರಡನೆಯ ಸಲ ಅವನ ದನಿಯೂ ಗಟ್ಟಿ ಇರಲಿಲ್ಲ.

ಪರೀಕ್ಷಕರು ಬೇರೆ ಕೋಣೆಯಲ್ಲಿದ್ದರು. ಸ್ಟುಡಿಯೋದೊಳಗೆ ಅವರ ದನಿ ಮಾತ್ರ ಬರುತ್ತಿತ್ತು. ತೋಡಿ ಚೆನ್ನಾಗಿಯೇ ಆಯಿತು.

"ಛಲೋ ಆತು. ಈಗ ಶುಕ್ಲ ಬಿಲಾವಲ ಹಾಡ್ರಿ."

ಸ್ಥಾಯಿ ಹಾಡಿದಳು. ಆಲಾಪ ಮಾಡಿ ಮತ್ತೆ ಸ್ಥಾಯಿಗೇ ಬಂದಳು. ಮೂರನೆಯ ಸಲ ಅದಕ್ಕೇ ಮರಳಿದಾಗ ಪರೀಕ್ಷಕರ ದನಿ ತಡೆಯಿತು. "ಅಂತರಾಕ್ಕ ಬರ್ರಿ."

ಅಂಜನಾ ತಂಬೂರಿಯ ತಂತಿಗಳ ಮೇಲೆ ಕೈ ಇಟ್ಟಳು. "ಬರೂದಿಲ್ಲರಿ."

"ಪಟ್ಟಿಯೊಳಗ ಬರದೀರಲ್ಲ. ಗುರುಗಳು ಕಲಿಸಿಲ್ಲೇನು?"

ಕಲಿಸಿಲ್ಲ ಎಂದರೆ ತಪ್ಪು ಅವಳದಾಗುತ್ತಿರಲಿಲ್ಲ. ಆದರೆ ಅರ್ಜಿಯಲ್ಲಿ ಗುರುವಿನ ಹೆಸರಿನ ಸಾಲೂ ಇತ್ತು, ಅದನ್ನೂ ಅಪ್ಪ ದೊಡ್ಡದಾಗಿ ಬರೆದಿದ್ದ.

"ಕಲಿಸ್ಯಾರ್ರಿ. ನಾ ಮರತೇನಿ."

"ಮರತದ್ದನ್ನ ಪಟ್ಟಿಯೊಳಗ ಬರೀಬಾರದು ನೋಡ್ರಿ. ಆತು, ಹೊರಗ ಬರ್ರಿ."

ಒಂದೂವರೆ ತಿಂಗಳ ಮೇಲೆ ಬಂದ ಪತ್ರದಲ್ಲಿ ಆಯ್ಕೆಯಾಗಿಲ್ಲ ಎಂದಿತ್ತು. ಪರಸಪ್ಪ ಅದನ್ನು ನಿಂತೇ ಓದಿ, ಆ ದಿನವೆಲ್ಲ ಮಗಳ ಮುಖ ನೋಡಲಿಲ್ಲ. ಅವಳಿಗೆ ರೇಡಿಯೋದಲ್ಲಿ ಹಾಡುವ ಅವಕಾಶ ಸಿಕ್ಕಿದ್ದು ಮತ್ತೆ ಮೂರು ವರ್ಷ ಕಳೆದ ಮೇಲೆ.

ಪರೀಕ್ಷೆಯಾದ ಮೇಲೆ ಅವಳು ಗುರುಗಳ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಪತ್ರ ಬಂದ ವಾರದ ಭಾನುವಾರ ಹೋದಳು. ಶಿವಯೋಗೆಪ್ಪ ಫಲಿತಾಂಶ ಕೇಳಲಿಲ್ಲ.

"ಅದನ್ನ ಕೇಳಿದ್ರೇನು?"

"ಹೂಂ ರೀ."

"ಏನಂದಿ?"

"ಮರತೇನಿ ಅಂದೆ."

ಶಿವಯೋಗೆಪ್ಪ ಎದ್ದು ತಂಬೂರಿಯ ಗವಸಣಿಗೆ ಬಿಚ್ಚಿದರು. "ಕುಂದರು. ಇಬ್ಬರೂ ಕೂಡಿ ಕಟ್ಟೂಣು. ಯಾರರ ಕೇಳಿದ್ರ ನಮ್ಮದು ಅನ್ನು."

ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ನಿಂತಿತು. ಎರಡನೆಯ ಸಾಲನ್ನು ಗುರುಗಳು ಹಾಡಿ ತೋರಿಸಿದಾಗ, ಅದು ಬೇರೊಂದು ಬಗೆಯ ಬಿಲಾವಲದ ಹಾದಿ ಹಿಡಿಯಿತು ಎಂದು ಅಂಜನಾಳಿಗೆ ಅನಿಸಿತು. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಅವರಿಗೆ ಎದುರು ಹೇಳಿದವಳಲ್ಲ.

"ಅದು ಸರಿ ಕೂಡಲಿಲ್ಲರಿ ಗುರುಗಳ."

ಶಿವಯೋಗೆಪ್ಪ ಮೀಟುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. "ಹಂಗಾದ್ರ ಹೆಂಗ ಅಂತಿ, ಹೇಳು," ಎಂದು ತಂಬೂರಿಯನ್ನು ಅವಳ ಕಡೆ ಸರಿಸಿದರು.