ಬಾಗಿಲ ಮುಂದೆ ಹಾದುಹೋದ ಮೊದಲ ಶುಕ್ರವಾರಗಳು

ನಾನು ಕಾಯಿಲೆ ಬಿದ್ದ ವರ್ಷ, ಫೆಬ್ರವರಿಯ ಬೂದಿ ಬುಧವಾರದಿಂದ ಸೆಪ್ಟೆಂಬರಿನ ಮಾತೆ ಮರಿಯಮ್ಮನವರ ಜನನದ ಹಬ್ಬದವರೆಗೆ, ನನ್ನ ಧರ್ಮಕೇಂದ್ರದವರು ನನಗೆ ಪರಮಪ್ರಸಾದ ಕೊಡಲಿಲ್ಲ. ನಾನು ಕೇಳಲಿಲ್ಲವೆಂದಲ್ಲ. ಧ್ವನಿ ಕಳೆದುಕೊಂಡವಳು ಎಷ್ಟು ರೀತಿಯಲ್ಲಿ ಕೇಳಬಹುದೋ ಅಷ್ಟೂ ರೀತಿಯಲ್ಲಿ ಕೇಳಿದ್ದೆ. ಕೊಡಲಿಲ್ಲವೆಂಬುದು ಒಂದು ಅನ್ಯಾಯ. ನನಗೇ ಅದು ಬೇಡವಂತೆ ಎಂದು ಧರ್ಮಗುರುಗಳ ಮುಂದೆ ಹೇಳಿದ್ದು ಇನ್ನೊಂದು. ಮೊದಲನೆಯದನ್ನು ಅಜ್ಞಾನವೆಂದು ಬಿಡಬಹುದು. ಎರಡನೆಯದಕ್ಕೆ ಹೆಸರು ಬೇರೆ.

ರೋಗದ ವಿಷಯವನ್ನು ಮೊದಲು ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕುಣಿಗಲ್ಲಿನಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾಗಿ, ತುಮಕೂರಿನಲ್ಲಿ ತಂಗಿ ಲೂರ್ದಮ್ಮನ ಜೊತೆ ಇದ್ದೆ. ಅವಳು ವಿಧವೆ, ನಾನು ಅವಿವಾಹಿತೆ. ಭಾನುವಾರದ ಬಲಿಪೂಜೆಯಲ್ಲಿ ಬೈಬಲಿನ ವಾಚನ ಓದುವುದು, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಸುವುದು ನನ್ನ ಕೆಲಸವಾಗಿತ್ತು. ದಸರಾ ರಜೆಯ ಹೊತ್ತಿಗೆ ಸ್ವರ ಒಡೆಯಿತು. ಕಷಾಯ ಕುಡಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ. "ಪಾಠ ಹೇಳಿ ಹೇಳಿ ಸವೆದೈತೆ ಬುಡಿ ಟೀಚರ್, ಇನ್ನೇನು" ಎಂದು ಎಲ್ಲರೂ ನಕ್ಕರು. ಕ್ರಿಸ್ಮಸ್ ರಾತ್ರಿ ವಾಚನ ಓದಲು ಎದ್ದು ನಿಂತಾಗ ಮೊದಲ ವಾಕ್ಯ ಬಂತು. ಎರಡನೆಯದು ಬರಲಿಲ್ಲ.

ತುಮಕೂರಿನ ಇ.ಎನ್.ಟಿ. ಡಾಕ್ಟರು ಗುಬ್ಬಿ ಕಡೆಯವರು, ಕೊರಳಲ್ಲಿ ಲಿಂಗ ಕಟ್ಟಿದವರು. ಸ್ಕೋಪ್ ಇಳಿಸಿ ನೋಡಿದರು. ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಜೀವ ಉಳಿಸ್ಬೋದು ಟೀಚರ್. ಧ್ವನಿ ಉಳಿಸಕ್ಕಾಗಲ್ಲ."

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಿಗೆಂದು ಒಂದು ರಂಧ್ರ ಉಳಿಯಿತು. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ಕೊಳವೆ, ರೈಲ್ಸ್ ಟ್ಯೂಬ್. ಗಂಟಲೊಳಗಿನ ಹೊಲಿಗೆ ಕೂಡಿಕೊಂಡರೆ ಅದನ್ನು ತೆಗೆದು, ಬಾಯಲ್ಲಿ ಊಟ ಕೊಡುತ್ತೇವೆಂದರು. ಹೊಲಿಗೆ ಕೂಡಲಿಲ್ಲ. ಒಳಗೆ ಸೋರತೊಡಗಿತು. ಫಿಸ್ಟುಲಾ ಎಂದರು.

ಅಲ್ಲಿಗೆ ಬಾಯಿ ಮುಚ್ಚಿತು. ಒಂದು ಹನಿ ನೀರೂ ಇಲ್ಲ.

ಲೂರ್ದಮ್ಮ ರಾಗಿ ಗಂಜಿಯನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ, ಆರಿಸಿ, ದೊಡ್ಡ ಸಿರಿಂಜಿನಿಂದ ಕೊಳವೆಗೆ ಬಿಡುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು. ಬಾಯಿ ಮಾತ್ರ ಒಣ ಬಾವಿ. ಅವಳು ಒಗ್ಗರಣೆ ಹಾಕಿದಾಗ ಸ್ಟೋಮಾದಲ್ಲಿ ಉಸಿರಾಡುವ ನನಗೆ ವಾಸನೆ ತಿಳಿಯುತ್ತಿರಲಿಲ್ಲ; ಚಟಪಟ ಸದ್ದು ಮಾತ್ರ ಕೇಳುತ್ತಿತ್ತು. ಮಾತನಾಡಲು ಒಂದು ಸ್ಲೇಟು ಇತ್ತು. ಸುಣ್ಣದ ಬಳಪ ಬೇಡ, ಪುಡಿ ಉಸಿರಿಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಕಲ್ಲಿನ ಕಡ್ಡಿ, ಒರೆಸಲು ಒದ್ದೆ ಬಟ್ಟೆ. ಜೀವಮಾನವಿಡೀ ಮಕ್ಕಳ ಸ್ಲೇಟು ತಿದ್ದಿದವಳು ನಾನು.

ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆಂದು ಜನ ಏಕೆ ಭಾವಿಸುತ್ತಾರೋ ನನಗೆ ತಿಳಿಯದು. ನೋಡಲು ಬಂದವರು ನನ್ನ ಮುಖದ ಹತ್ತಿರ ಬಾಗಿ ಕೂಗುತ್ತಿದ್ದರು. ಅಲ್ಲೇ ತಿರುಗಿ ತಂಗಿಯೊಡನೆ ನನ್ನ ವಿಷಯವನ್ನು ಮೆಲ್ಲಗೆ ಮಾತನಾಡುತ್ತಿದ್ದರು. "ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಿದ್ರಾ ನಿಮ್ಮಕ್ಕ?" "ಬಾಯಿ ಬಾಳ ಜೋರಿತ್ತು ನೋಡು. ದೇವ್ರು ಕಟ್ಟಿದ." ಹೀಗೆಂದವರು ಯಾರೆಂಬುದು ನನಗೆ ಗೊತ್ತಿದೆ. ಅವರು ಅಂದು ಉಟ್ಟಿದ್ದ ಸೀರೆಯ ಅಂಚಿನ ಬಣ್ಣವೂ ನೆನಪಿದೆ.

ನಮ್ಮಲ್ಲಿ ತಿಂಗಳ ಮೊದಲ ಶುಕ್ರವಾರ ರೋಗಿಗಳ ಮನೆಗೆ ಪರಮಪ್ರಸಾದ ತರುವ ಪದ್ಧತಿ. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ದೇಹ, ರಕ್ತವಾಗುತ್ತವೆ; ಆ ರೊಟ್ಟಿಯೇ ಮನೆಗೆ ಬರುವ ಪ್ರಸಾದ. ಮನೆಯವರು ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಎರಡು ಮೇಣದ ಬತ್ತಿ ಹಚ್ಚಿ, ಬೆರಳು ತೊಳೆಯಲು ಲೋಟದಲ್ಲಿ ನೀರಿಡಬೇಕು. ಸ್ವೀಕರಿಸುವವರು ಒಂದು ಗಂಟೆ ಉಪವಾಸವಿರಬೇಕು. ರೋಗಿಗಳಿಗೆ ಆ ಕಟ್ಟಳೆ ಸಡಿಲ. ನಾನು ಸಡಿಲ ಮಾಡಿಕೊಳ್ಳಲಿಲ್ಲ. "ಗಂಜಿ ಆಮೇಲೆ" ಎಂದು ಸ್ಲೇಟಿನಲ್ಲಿ ಬರೆದೆ.

"ಕೊಳವೇಲಿ ಕುಡಿಯೋರ್ಗೂ ಉಪ್ವಾಸ ಏನಕ್ಕಾ ನಿಂದು!" ಎಂದು ಲೂರ್ದಮ್ಮ ಗೊಣಗಿದಳು. ಆದರೂ ಸಿರಿಂಜನ್ನು ಕೆಳಗಿಟ್ಟಳು.

ತಪಸ್ಸುಕಾಲದ ಆ ಮೊದಲ ಶುಕ್ರವಾರ ಬಂದವರು ಚೌರಪ್ಪನವರು. ಊರ ಪಕ್ಕದ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಸೂಪರ್ವೈಸರ್. ಧರ್ಮಕೇಂದ್ರದ ಪಾಲನಾ ಸಮಿತಿಯ ಕಾರ್ಯದರ್ಶಿ. ಪರಮಪ್ರಸಾದ ಒಯ್ಯಲು ಅನುಮತಿ ಪಡೆದ ಗೃಹಸ್ಥರು. ಕೊರಳಿನ ಚೀಲದಲ್ಲಿ ಪುಟ್ಟ ಡಬ್ಬಿ. ಅದರೊಳಗೆ ನಾನು ಕಾದಿದ್ದ ಸ್ವಾಮಿ. ನಾನು ತಲೆಗೆ ಸೆರಗು ಹೊದ್ದು, ದಿಂಬಿಗೆ ಒರಗಿ, ಕೈ ಜೋಡಿಸಿದ್ದೆ. ಅವರು ನನ್ನ ಮೂಗಿನ ಕೊಳವೆಯನ್ನು ನೋಡಿದರು. ತಂಗಿಯ ಕಡೆ ತಿರುಗಿದರು.

"ಲೂರ್ದಕ್ಕ, ಟೀಚರ್ ನುಂಗ್ತಾರಾ?"

"ಇಲ್ಲ ಚೌರಪ್ಪ, ನೀರೂ ಕೊಡಂಗಿಲ್ಲ ಅಂದವ್ರೆ ಡಾಕ್ಟ್ರು. ಅದ್ಕೇ ಕೇಳನ ಅಂತ..."

"ಹಂಗಾದ್ರೆ ಕೊಡಕ್ಕಾಗಲ್ಲ. ಹೊರಗೆ ಬಂದ್ಬುಟ್ರೆ? ಸ್ವಾಮಿಗೆ ಅವಮಾನ ಆಯ್ತದೆ." ಆಮೇಲೆ ನನ್ನತ್ತ ಬಾಗಿ, ಇಡೀ ಬೀದಿಗೆ ಕೇಳುವಂತೆ: "ಟೀಚರ್! ಮನಸ್ಸಲ್ಲೇ ತಗೊಳ್ಳಿ! ಆತ್ಮಿಕವಾಗಿ!"

ನಾನು ಬರೆದೆ: "ಬೇರೆ ದಾರಿ ಇರಬಹುದು. ಫಾದರನ್ನು ಕೇಳಿ."

ಅವರು ಸ್ಲೇಟನ್ನು ನೋಡಿ, ಜೇಬು ತಡವಿ, "ಕನ್ನಡಕ ತಂದಿಲ್ಲ ಟೀಚರ್" ಎಂದರು.

ಕನ್ನಡಕ ಅವರ ಹಣೆಯ ಮೇಲಿತ್ತು.

ಅವರು ಹೋದ ಮೇಲೆ ಲೂರ್ದಮ್ಮ ಬತ್ತಿಗಳನ್ನು ಆರಿಸಿದಳು. ಗಂಜಿ ಗಟ್ಟಿಯಾಗಿತ್ತು, ಕೊಳವೆಯಲ್ಲಿ ಇಳಿಯಲಿಲ್ಲ. ಬಿಸಿನೀರು ಬೆರೆಸಿ ಮತ್ತೆ ಸೋಸಿದಳು.

ಮುಂದಿನ ಮೊದಲ ಶುಕ್ರವಾರವೂ ಮೇಜು ಸಿದ್ಧವಾಯಿತು. ಚೌರಪ್ಪನವರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿತು. ನಮ್ಮ ಬಾಗಿಲ ಮುಂದೆ ನಿಧಾನವಾಗಲಿಲ್ಲ. ಕ್ರಿಸ್ತ ನನ್ನ ಕಿಟಕಿಯಿಂದ ಒಂದು ಮಾರು ದೂರದಲ್ಲಿ ಹಾದು ಹೋದ. ಅದರ ಮುಂದಿನ ತಿಂಗಳೂ ಹಾಗೆಯೇ ಆಯಿತು. ತಂಗಿ ಮೇಜು ಹಾಸುವುದನ್ನು ಬಿಡಲಿಲ್ಲ. ನಾನೂ ಬಿಡು ಎನ್ನಲಿಲ್ಲ.

ಪಾಸ್ಖ, ಅಂದರೆ ಈಸ್ಟರಿನ ನಂತರ ಮನೆಗಳನ್ನು ಆಶೀರ್ವದಿಸಲು ನಮ್ಮ ಧರ್ಮಗುರುಗಳು ಬಂದರು. ಹೊಸ್ತಿಲ ಬಳಿ ನಿಂತು ತೀರ್ಥ ಚಿಮುಕಿಸಿ, ನಗುನಗುತ್ತ ಹೇಳಿದರು:

"ಪರಮಪ್ರಸಾದ ಬೇಡ ಅಂದ್ರಂತೆ? ದೇವರ ಮೇಲೆ ಅಷ್ಟೊಂದು ಕೋಪ ಒಳ್ಳೇದಲ್ಲ ಟೀಚರ್."

ಸ್ಲೇಟು ಎಳೆದುಕೊಂಡೆ. ಬರೆದೆ: "ಯಾರು ಹೇಳಿದರು?"

ಅವರು ಓದಿದರು. ಹೊರಗೆ, ಮುಂದಿನ ಮನೆಯ ಗೇಟಿನ ಬಳಿ ಕಾಯುತ್ತಿದ್ದ ಚೌರಪ್ಪನವರ ಕಡೆಗೊಮ್ಮೆ ನೋಡಿದರು. "ನುಂಗೋಕಾಗದವರಿಗೆ ಹೇಗೆ ಕೊಡೋದು ಅಂತ ಬಿಷಪ್ಸ್ ಹೌಸಲ್ಲಿ ವಿಚಾರಿಸಿ ಹೇಳ್ತೀನಿ" ಎಂದರು. ಮೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು. ವಿಚಾರಿಸಿದರೋ ಇಲ್ಲವೋ, ಹೇಳಲಂತೂ ಇಲ್ಲ.

ಆ ತಿಂಗಳುಗಳಲ್ಲಿ ನಾನು ಚೌರಪ್ಪನವರು ಕೂಗಿ ಹೇಳಿದ್ದನ್ನೇ ಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಬೆಳಗಿನ ಬಲಿಪೂಜೆಯ ಗಂಟೆ ಕೇಳಿದಾಗ ಕಣ್ಣು ಮುಚ್ಚಿ, ಸ್ವಾಮಿ, ಬಾಯಿಗೆ ಬರಲಾರೆಯಾದರೆ ಬಾಯಾರಿಕೆಗೆ ಬಾ ಎಂದು ಬೇಡಿದೆ. ಶಿಲುಬೆಯ ಹಾದಿಯನ್ನು ಎಷ್ಟೋ ವರ್ಷ ಗಟ್ಟಿ ಧ್ವನಿಯಲ್ಲಿ ನಡೆಸಿದವಳು ನಾನು. ಶಿಲುಬೆಯ ಮೇಲಿದ್ದವನ ನಾಲಿಗೆಯೂ ಒಣಗಿತ್ತೆಂಬುದನ್ನು ಒಮ್ಮೆಯೂ ನಿಂತು ಯೋಚಿಸಿರಲಿಲ್ಲ. ಈಗ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಾಗ, ಅವನ ನಾಲಿಗೆ ಎಲ್ಲಿ ಮುಗಿದು ನನ್ನದು ಎಲ್ಲಿ ಆರಂಭವಾಗುತ್ತದೆಂದು ತಿಳಿಯದ ಕೆಲವು ಗಳಿಗೆಗಳು ಬಂದವು. ಐಕ್ಯವೆಂದರೆ ಬೆಳಕು, ಸುಗಂಧ, ಆನಂದಬಾಷ್ಪ ಎಂದು ಪ್ರಸಂಗಗಳಲ್ಲಿ ಕೇಳಿದ್ದೆ. ನನಗೆ ಅದು ಒಣ ಬಾಯಿಯಾಗಿ ಬಂತು. ಅದು ನಿಜವೆಂದು ಈಗಲೂ ನಂಬುತ್ತೇನೆ.

ಆದರೆ ಹಸಿದವಳು ತಾನಾಗಿ ಕೈಗೊಳ್ಳುವ ಉಪವಾಸ ಬೇರೆ, ಉಣಬಡಿಸುವವನು ತಟ್ಟೆ ಕಿತ್ತುಕೊಂಡು "ಉಪವಾಸ ಪುಣ್ಯ" ಎನ್ನುವುದು ಬೇರೆ. ದೇವರು ಆ ಕೊರತೆಯನ್ನು ತುಂಬಿದ್ದು ಅವನ ಕರುಣೆ. ಅದನ್ನು ಚೌರಪ್ಪನವರ ಲೆಕ್ಕಕ್ಕೆ ಜಮಾ ಮಾಡಲು ನಾನು ಸಿದ್ಧಳಿಲ್ಲ.

ಮಳೆಗಾಲ ಹಿಡಿಯಿತು. ಗಾಯ ಕೂಡದಿದ್ದರೆ ಇನ್ನೊಂದು ಆಪರೇಷನ್ ಎಂದರು. ಅದರಿಂದ ಎದ್ದು ಬರುವ ಭರವಸೆ ನನಗಿರಲಿಲ್ಲ. ಸ್ವೀಕರಿಸದೆ ಹೋಗಬಾರದೆಂಬ ಒಂದೇ ಚಿಂತೆ. ಚೆಕಪ್ಪಿಗೆ ಹೋದಾಗ ಡಾಕ್ಟರ ಮುಂದೆ ಸ್ಲೇಟು ಹಿಡಿದೆ: "ಒಂದು ಹನಿ ದ್ರಾಕ್ಷಾರಸ. ನಮ್ಮ ಪ್ರಸಾದ. ಬಾಯಿಗೆ ಹಾಕಬಹುದೇ?"

ಅವರು ನಿಧಾನವಾಗಿ ಓದಿದರು. "ಬಾಯಿಗೆ ಬೇಡ ಟೀಚರ್. ಟ್ಯೂಬಲ್ಲಿ ಬಿಡ್ಲಿ. ಹಾಲು ಹೋಗೋ ದಾರೀಲಿ ದೇವ್ರು ಹೋಗಲ್ವಾ?" ಕೊರಳ ಲಿಂಗವನ್ನು ಮುಟ್ಟಿಕೊಂಡರು. "ನಮ್ಮಜ್ಜಿಗೆ ಕೊನೇಲಿ ಪಾದೋದಕ ಹಿಂಗೇ ಕೊಟ್ಟಿದ್ವಿ. ಸ್ವಾಮಿಗಳೇ ಬಂದು ಟ್ಯೂಬಿಗೆ ಬಿಟ್ರು."

ನನ್ನ ಧರ್ಮಸಭೆಯವರಿಗೆ ಹೊಳೆಯದ ಮಾತನ್ನು ಗುಬ್ಬಿಯ ಲಿಂಗವಂತರು ರೋಗಿಗಳ ಸಾಲು ಕಾಯುತ್ತಿರುವಾಗ, ಪೆನ್ನಿನ ಮುಚ್ಚಳ ಹಾಕುತ್ತ ಹೇಳಿಬಿಟ್ಟರು.

ಹೊಸ ಧರ್ಮಗುರುಗಳು ಇನ್ನೂ ಬಂದಿರಲಿಲ್ಲ. ನಾನು ಪಾಠ ಮಾಡುತ್ತಿದ್ದ ಕಾಲದಿಂದ ಪರಿಚಿತರಾದ ಒಬ್ಬ ವೃದ್ಧ ಫಾದರ್ ಕುಣಿಗಲ್ಲಿನಲ್ಲಿ ವಿಶ್ರಾಂತಿಯಲ್ಲಿದ್ದರು. ಸ್ಟೋಮಾಕ್ಕೆ ಒದ್ದೆ ಗಾಜ್ ಬಟ್ಟೆ ಹೊದಿಸಿಕೊಂಡು ತಂಗಿಯೊಡನೆ ಬಸ್ಸು ಹತ್ತಿದೆ. ನಾನು ಮುಂದಿನ ಸೀಟಿನಲ್ಲಿ, ಅವಳು ಹಿಂದೆ. ಕಂಡಕ್ಟರು ಎಲ್ಲಿಗೆಂದು ಕೇಳಿದ. ನಾನು ಹಿಂದಕ್ಕೆ ಕೈ ತೋರಿಸಿದೆ.

"ಎಲ್ಲಿಗಮ್ಮೋ! ಕಿವಿ ಕೇಳಾಕಿಲ್ವಾ?"

"ಕಿವಿ ಚೆನ್ನಾಗವೆ ಕಣಪ್ಪ" ಎಂದಳು ಲೂರ್ದಮ್ಮ. "ನೀನ್ ಕಿರುಚಿದ್ದು ಕುಣಿಗಲ್ ಗಂಟ ಕೇಳ್ಸ್ತು. ಅಲ್ಲಿಗೇ ಎರಡು ಕೊಡು."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ನಗುವಿಗೂ ಈಗ ಸದ್ದಿಲ್ಲ. ಭುಜ ಮಾತ್ರ ಕುಲುಕುತ್ತದೆ.

ಫಾದರ್ ನನ್ನ ಸ್ಲೇಟನ್ನು ಕೊನೆಯ ಅಕ್ಷರದವರೆಗೆ ಓದಿದರು. ಓದಿ ಮುಗಿಸಿ ನನ್ನನ್ನೇ ನೋಡಿ, ಸಹಜ ಸ್ವರದಲ್ಲಿ ಮಾತನಾಡಿದರು. ತಂಗಿಯನ್ನು ಬಿಟ್ಟರೆ, ಎಷ್ಟೋ ತಿಂಗಳ ಮೇಲೆ ನಮ್ಮವರೊಬ್ಬರು ನನ್ನೊಡನೆ ಮಾತನಾಡಿದ್ದು.

"ಇದಕ್ಕೆ ನಿಯಮ ಇದೆ ಫಿಲೋಮಿನಾ. ರೊಟ್ಟಿ ನುಂಗಲಾರದವರಿಗೆ ರಸ ಒಂದೇ ಸಾಕು, ಒಂದು ಹನಿ ಆದರೂ ಪೂರ್ಣ. ನಿಮಗೆ ಯಾರೂ ಹೇಳಲಿಲ್ಲವೇ?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮೊದಲು ಪಾಪನಿವೇದನೆ. ಲೂರ್ದಮ್ಮ ಹೊರಗೆ ಹೋದಳು. ನಾನು ಬರೆದೆ. ಏನು ಬರೆದೆನೆಂಬುದು ಇಲ್ಲಿ ಬೇಡ. ಸ್ಲೇಟು ತುಂಬಿತು, ಒರೆಸುವ ಬಟ್ಟೆ ತಂಗಿಯ ಚೀಲದಲ್ಲೇ ಉಳಿದುಹೋಗಿತ್ತು. ನಾನು ಸೆರಗು ಎತ್ತುವಷ್ಟರಲ್ಲಿ ಫಾದರ್ ತಮ್ಮ ಬಿಳಿ ನಿಲುವಂಗಿಯ ಅಂಚನ್ನು ನೀರಿಗೆ ಅದ್ದಿ ಒರೆಸಿದರು. ಮತ್ತೆ ತುಂಬಿದೆ. ಮತ್ತೆ ಒರೆಸಿದರು. ಮುಗಿಯುವ ಹೊತ್ತಿಗೆ ಆ ಅಂಚು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ನೋಡಿಕೊಳ್ಳಲೂ ಇಲ್ಲ.

ದೇವರ ಕರುಣೆಯ ಬಗ್ಗೆ ಇಷ್ಟು ಕಾಲ ಮಕ್ಕಳಿಗೆ ಜ್ಞಾನೋಪದೇಶ ಹೇಳಿದ್ದೆ. ಅದು ನಮ್ಮ ಕೊಳೆಯನ್ನು ತನ್ನ ಬಟ್ಟೆಗೆ ಬಳಿದುಕೊಳ್ಳುತ್ತದೆಂದು ಅಂದು ಕಣ್ಣಾರೆ ಕಂಡೆ.

ಅದೇ ಕೋಣೆಯಲ್ಲಿ ಬಲಿಪೂಜೆ ಅರ್ಪಿಸಿದರು. ಹೊಸ ಸಿರಿಂಜ್ ನಾವೇ ಒಯ್ದಿದ್ದೆವು. ಪಾತ್ರೆಯಿಂದ ಒಂದು ಹನಿ ತೆಗೆದು ಕೊಳವೆಗೆ ಬಿಟ್ಟು, ಹಿಂದೆಯೇ ಸ್ವಲ್ಪ ನೀರು ಬಿಟ್ಟರು. "ಕ್ರಿಸ್ತರ ರಕ್ತ" ಎಂದರು. ಆಮೆನ್ ಎಂದು ನನ್ನ ತುಟಿ ಅಲುಗಿತು. ನಾಲಿಗೆಗೆ ರುಚಿ ತಿಳಿಯಲಿಲ್ಲ. ಎದೆಯ ನಡುವೆ ತಣ್ಣನೆಯ ಗೆರೆಯೊಂದು ಇಳಿಯಿತು. ಅಷ್ಟೇ.

ಅಷ್ಟು ಸಾಕಾಗಿತ್ತು.

ಎರಡನೆಯ ಆಪರೇಷನ್ ಬೇಕಾಗಲಿಲ್ಲ. ಗಾಯ ತಾನಾಗಿ ಕೂಡಿತು. ಪವಾಡವೆಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಲಿಲ್ಲ. ಕೊಳವೆ ತೆಗೆದ ದಿನ ಮೊದಲ ಗುಟುಕು ನೀರು ಕುಡಿದು ಅತ್ತೆ. ಮರಿಯಮ್ಮನವರ ಹಬ್ಬದ ದಿನ ದೇವಾಲಯಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ಅಂದು ಪರಮಪ್ರಸಾದ ಹಂಚುತ್ತಿದ್ದವರಲ್ಲಿ ಚೌರಪ್ಪನವರೂ ಒಬ್ಬರು, ನನ್ನ ಸಾಲು ಅವರದೇ ಆಗಿತ್ತು. ಸ್ವೀಕರಿಸಿದೆ. ಕೈ ಅವರದಾದರೂ ಬಂದವನು ಕ್ರಿಸ್ತನೇ. ಪೂಜೆಯ ನಂತರ ಅಂಗಳದಲ್ಲಿ ಅವರು ಹತ್ತಿರ ಬಂದು ಕೂಗಿದರು: "ನೋಡಿದ್ರಾ ಟೀಚರ್, ನಮ್ ಸಮಿತಿ ಪ್ರಾರ್ಥ್ನೆ ಹೆಂಗೆ ಫಲಿಸ್ತು!"

ಅಂದು ನಾನು ಸ್ಲೇಟು ಒಯ್ದಿರಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಶತಮಾನ ಬದಲಾಯಿತು. ಉಸಿರು ಈಗಲೂ ಕುತ್ತಿಗೆಯಲ್ಲಿ ಓಡಾಡುತ್ತದೆ. ಪ್ರತಿ ತುತ್ತಿಗೂ ಕೃತಜ್ಞಳಾಗಿದ್ದೇನೆ. ಚೌರಪ್ಪನವರನ್ನು ಕ್ಷಮಿಸಿದ್ದೇನೆ, ನೆನಪನ್ನು ಅಳಿಸಬೇಕೆಂದು ಯಾವ ಆಜ್ಞೆಯೂ ಹೇಳುವುದಿಲ್ಲ. ಇದನ್ನು ಬರೆಯದೆ ಇರುತ್ತಿದ್ದೆನೇನೋ. ಆದರೆ ನಮ್ಮ ಬೀದಿಯ ಕೊನೆಯ ಮನೆಯ ಅಂತೋಣಪ್ಪನವರಿಗೆ ಲಕ್ವ ಹೊಡೆದು, ಮಾತು ನಿಂತು, ಮೂಗಿಗೆ ಕೊಳವೆ ಹಾಕಿದ್ದಾರೆ. ಕಳೆದ ಮೊದಲ ಶುಕ್ರವಾರ ನಾನು ಅವರ ಹಾಸಿಗೆಯ ಬಳಿ ಕುಳಿತಿದ್ದೆ. ಅವರ ಹೆಂಡತಿ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಬತ್ತಿ ಉರಿಯುತ್ತಿತ್ತು. ಸ್ಕೂಟರಿನ ಸದ್ದು ಬಂತು. ಅಂತೋಣಪ್ಪನವರ ಕಣ್ಣು ಬಾಗಿಲ ಕಡೆ ತಿರುಗಿತು. ಸದ್ದು ಹಾದು ಹೋಯಿತು.

ಅವರ ಕಣ್ಣು ಬಾಗಿಲಲ್ಲೇ ಉಳಿಯಿತು.

ಪಾಲನಾ ಸಮಿತಿಯವರನ್ನು ಕೇಳಿದರೆ "ಅವ್ರಿಗೆ ಬೇಡ್ವಂತೆ" ಎಂಬ ಉತ್ತರ ಬಂದಿದೆ. ಚೌರಪ್ಪನವರೇ, ಸಮಿತಿಯ ಸದಸ್ಯರೇ, ಅಂದು ಸ್ಲೇಟಿನಲ್ಲಿ ಬರೆದು ಉತ್ತರ ಸಿಗದ ಪ್ರಶ್ನೆಯನ್ನೇ ಕನ್ನಡಕವಿಲ್ಲದೆಯೂ ಓದಬಹುದಾದಷ್ಟು ದೊಡ್ಡದಾಗಿ ಮತ್ತೊಮ್ಮೆ ಬರೆಯುತ್ತಿದ್ದೇನೆ: ಮಾತೇ ಇಲ್ಲದ ಆ ಮನುಷ್ಯ ಬೇಡವೆಂದನೆಂದು ನಿಮಗೆ ಯಾರು ಹೇಳಿದರು?